ಭಾವಮೈದುನನ ನೀಲಿ ದೀಪ

ಮೀನುಗಾರರ ಸಂಘದ ಅಧ್ಯಕ್ಷರ ಭಾವಮೈದುನ ದೀಪದ ಅಂಗಡಿ ತೆರೆದ. ಮರುದಿನದಿಂದಲೇ ಅಧ್ಯಕ್ಷರಿಗೆ ಮೀನಿನ ಮನಸ್ಸೆಲ್ಲ ತಿಳಿಯತೊಡಗಿತು.

"ರಾತ್ರಿ ಮೀನು ಹಿಡಿಯೋದಕ್ಕೆ ಈ ನೀಲಿ ದೀಪದಂಥದ್ದು ಬೇರೆ ಇಲ್ಲ ಅಂತ ಬರೆದುಕೊಡು. ಇಲ್ಲದಿದ್ದರೆ ನಿನ್ನ ದೋಣಿಗೆ ಸಂಘದ ಸೀಮೆಎಣ್ಣೆ ಇಲ್ಲ," ಎಂದು ಶೇಷು ಖಾರ್ವಿಗೆ ಹೇಳಿದರು.

ಶೇಷು ಮೂರು ರಾತ್ರಿ ದೋಣಿಗೆ ಆ ದೀಪ ಕಟ್ಟಿಕೊಂಡು ಕೂತ. ಒಂದು ಬಂಗುಡೆಯೂ ಹತ್ತಿರ ಸುಳಿಯಲಿಲ್ಲ. ನಾಲ್ಕನೆಯ ದಿನ ಬರೆದುಕೊಟ್ಟ: "ಈ ದೀಪದಿಂದ ಇದುವರೆಗೆ ಒಂದು ಮೀನಿಗೂ ತೊಂದರೆಯಾಗಿಲ್ಲ."

ಅಧ್ಯಕ್ಷರು ಹಿಗ್ಗಿ ಸೀಮೆಎಣ್ಣೆ ಕೊಡಿಸಿದರು. ಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದರು. ಅದನ್ನು ಓದಿದ ಮೀನುಗಾರರೆಲ್ಲ ಕೈಮುಗಿದು ಪಕ್ಕದ ಅಂಗಡಿಗೆ ಹೋದರು.

"ಯಾಕೋ ಒಬ್ಬನೂ ಕೊಳ್ಳುತ್ತಿಲ್ಲ?" ಎಂದು ಅಧ್ಯಕ್ಷರು ಶೇಷುವನ್ನೇ ಕೇಳಿದರು.

"ಏನು ಮಾಡೋದು ಅಧ್ಯಕ್ಷರೇ," ಎಂದ ಶೇಷು. "ನಮ್ಮವರಿಗೆ ಮೀನಿನ ಮೇಲೆ ದಯೆ ಕಡಿಮೆ."