ಅರಮನೆ ಮುಂದೆ ಅಧ್ಯಕ್ಷರೊಬ್ಬರೇ

ಚನ್ನವೀರಪ್ಪನವರು ಹಾವೇರಿ ಕಡೆಯ ಸಂಘವೊಂದರ ಅಧ್ಯಕ್ಷರು. ಮೈಸೂರು ನೋಡಲು ಬಂದವರು, ಅರಮನೆ ಮುಂದೆ ತಮ್ಮದೊಂದು ಫೋಟೋಶೂಟ್ ಆಗಲೆಂದು ಫೋಟೋಗ್ರಾಫರ್ ಜಯಶೀಲಾಳನ್ನು ಬುಕ್ ಮಾಡಿದರು. ಅಂದು ಭಾನುವಾರ, ಎಲ್ಲಿ ನೋಡಿದರೂ ಜನ.

"ನನ್ನ ಹಿಂದ ಒಂದು ನರಪಿಳ್ಳೇನೂ ಕಾಣಬಾರ್ದು. ಇಲ್ಲಾಂದ್ರ ಬುಕಿಂಗ್ ಕ್ಯಾನ್ಸಲ್!" ಎಂದು ಗುಡುಗಿದರು.

ಜಯಶೀಲಾ ಕ್ಯಾಮೆರಾ ಹೊಂದಿಸಿಕೊಂಡಳು. ಆಮೇಲೆ ಜನರತ್ತ ತಿರುಗಿ ಕೂಗಿದಳು: "ಎಲ್ಲರೂ ಹತ್ತಿರ ಬನ್ನಿ! ಅಧ್ಯಕ್ಷರು ಈಗ ಭಾಷಣ ಮಾಡ್ತಾರೆ!"

ನೋಡನೋಡುತ್ತಿದ್ದಂತೆ ಅಂಗಳ ಖಾಲಿಯಾಯಿತು. ಐಸ್‌ಕ್ರೀಮ್ ತಿನ್ನುತ್ತ ಕೂತಿದ್ದ ಅಜ್ಜಿಯೂ ಸೀರೆ ಎತ್ತಿಕೊಂಡು ಓಡಿದರು.

ಅಧ್ಯಕ್ಷರ ಮುಖ ಸಪ್ಪಗಾಯಿತು. "ಒಬ್ರರ ನಿಂತು ಕೇಳಬಾರದಾಗಿತ್ತೇನವಾ?"

"ನೀವು ಹೇಳಿದಂಗೇ ಆಯ್ತಲ್ಲ ಸಾರ್, ಒಂದು ನರಪಿಳ್ಳೆಯೂ ಇಲ್ಲ. ಎಲ್ಲಿ, ಒಂಚೂರು ನಗಿ" ಎಂದಳು ಜಯಶೀಲಾ.