ದ್ಯಾಮವ್ವ ಕೇಳಿದ ಇನ್ನೊಂದು ಫೋಟೋ

ಬಾಗಲಕೋಟೆ ಕಡೆಯ ಒಂದು ಅಂಗವಿಕಲರ ಕೇಂದ್ರದಲ್ಲಿ ದ್ಯಾಮವ್ವ ಎಂಬ ಆಯಾ ಇದ್ದಳು. ಊರಿನ ಸೇವಾ ಸಂಘದವರು ಜನರಿಂದ ದೇಣಿಗೆ ಎತ್ತಿ, ಆ ಕೇಂದ್ರಕ್ಕೆ ಒಂದು ಗಾಲಿಕುರ್ಚಿ ತಂದರು. ಸಂಘದ ಅಧ್ಯಕ್ಷ ಚನ್ನವೀರಪ್ಪನವರು ಹಾರ ಹಾಕಿಸಿಕೊಂಡು ಅರ್ಧ ತಾಸು ಭಾಷಣ ಮಾಡಿದರು. ಆಮೇಲೆ, ಕಾಲು ಸೋತು ಎರಡು ವರ್ಷದಿಂದ ಮಂಚ ಹಿಡಿದಿದ್ದ ದರ್ಜಿ ಫಕೀರಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕರೆಸಿದ್ದ ಪತ್ರಿಕೆಯವನಿಂದ ಫೋಟೋ ತೆಗೆಸಿಕೊಂಡರು. ಫಕೀರಪ್ಪ ಗಾಲಿಯನ್ನು ಮೆಲ್ಲಗೆ ಸವರುತ್ತಿದ್ದ.

ಅಧ್ಯಕ್ಷರು ದ್ಯಾಮವ್ವನನ್ನು ಪಕ್ಕಕ್ಕೆ ಕರೆದರು. "ಇವನ್ನ ಇಳಿಸಿ ಕುರ್ಚಿ ವ್ಯಾನಿಗೆ ಹಾಕು. ಇನ್ನೂ ನಾಲ್ಕು ಕೇಂದ್ರದಾಗ ಫೋಟೋ ಅದಾವು. ಇರೋದು ಇದೊಂದ ಕುರ್ಚಿ."

"ಆತ್ರಿ ಸಾಹೇಬ್ರ," ಎಂದಳು ದ್ಯಾಮವ್ವ. ಹೊರಟಿದ್ದ ಪತ್ರಿಕೆಯವನನ್ನು ಕೂಗಿದಳು. "ತಮ್ಮಾ, ನಿಲ್ಲಪಾ. ಇನ್ನೊಂದು ಫೋಟೋ ಐತಿ. ಸಾಹೇಬ್ರು ಫಕೀರಪ್ಪನ್ನ ಇಳಿಸಿ ಕುರ್ಚಿ ವಾಪಸ್ ಒಯ್ತಾರಂತ. ಕೊಡೋದು ತಗದಿ, ಒಯ್ಯೋದೂ ತಗಿ."

ಪತ್ರಿಕೆಯವನು ಕ್ಯಾಮೆರಾ ಎತ್ತಿದ. ಕುರ್ಚಿ ಒಯ್ಯಲು ಆಗಲೇ ಅದರ ಹಿಡಿಕೆಗೆ ಹಾಕಿದ್ದ ಕೈಯನ್ನು ಅಧ್ಯಕ್ಷರು ಬಿಸಿ ಹೆಂಚು ಮುಟ್ಟಿದವರಂತೆ ತೆಗೆದರು. "ಯಾರ ಒಯ್ತಾರ? ಕುರ್ಚಿ ಇಲ್ಲೇ ಇರ್ತೈತಿ."

"ಹಂಗಾದ್ರ ಉಳಿದ ನಾಲ್ಕು ಕೇಂದ್ರಕ್ಕೂ ಹೊಸಾವು ಬರ್ತಾವಂತ ಬರಕೋ ತಮ್ಮಾ," ಎಂದಳು ದ್ಯಾಮವ್ವ. ಪತ್ರಿಕೆಯವನು ಅಧ್ಯಕ್ಷರ ಮುಖ ನೋಡಿದ. ಅವರು ಹೂಂ ಅನ್ನದೆ ಗತಿಯಿರಲಿಲ್ಲ.

ಅಷ್ಟರಲ್ಲಿ ಫಕೀರಪ್ಪ ತಾನೇ ಗಾಲಿ ತಿರುಗಿಸಿಕೊಂಡು ಹೊರಗೆ ಬಂದಿದ್ದ. ಅಧ್ಯಕ್ಷರ ವ್ಯಾನು ಹಿಂದಕ್ಕೆ ಸರಿಯುವಾಗ, "ಬರ್ಲಿ, ಬರ್ಲಿ" ಎಂದು ಕೈಬೀಸಿ ದಾರಿ ತೋರಿಸಿದವನು ಅವನೇ.