ಪಂಡಿತರು ತಂದ ಕ್ರಿಯಾಪದ

ಹೊನ್ನಗುಡ್ಡದ ದೊರೆ ಹಿರಿಯಣ್ಣ ನಾಯಕರ ಆಸ್ಥಾನಕ್ಕೆ ಮದ್ರಾಸಿನಿಂದ ಭುಜಂಗರಾಯರೆಂಬ ಪಂಡಿತರು ಬಂದಿಳಿದರು. ತಲೆಯ ಮೇಲೆ ಜರಿ ರುಮಾಲು, ನಾಲಿಗೆಯ ತುದಿಯಲ್ಲಿ ಇಂಗ್ಲಿಷು.

“ಮಹಾಸ್ವಾಮಿ, ನನ್ನ ಹತ್ತಿರ ಒಂದು ಇಂಗ್ಲಿಷ್ ಪದವಿದೆ. ಡಿಫೆನೆಸ್ಟ್ರೇಟ್. ಮೂಲ ಲ್ಯಾಟಿನ್ನಿನದು. ಸಭೆ ಮುಗಿಯುವುದರೊಳಗೆ ಇದರ ಅರ್ಥ ಎಲ್ಲರಿಗೂ ತಿಳಿಯುವಂತೆ ಮಾಡಲಿ ನಿಮ್ಮ ರಾಯಸದವರು. ಆಗದಿದ್ದರೆ ಅವರ ಹುದ್ದೆ ನನಗೆ ಕೊಡಿ.”

ಅಪರೂಪದ್ದೆಂದರೆ ದೊರೆಗೆ ಪ್ರಾಣ. “ಆಗಲಿ” ಅಂದುಬಿಟ್ಟರು.

ರಾಯಸದ ತಿರುಮಲಯ್ಯ ಇಪ್ಪತ್ತೆರಡು ವರ್ಷದಿಂದ ದೊರೆಯ ಕಾಗದಪತ್ರ ಬರೆಯುತ್ತಿದ್ದವನು. ಇಂಗ್ಲಿಷ್ ಅವನಿಗೆ ಕಬ್ಬಿಣದ ಕಡಲೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಯಾರ ಮುಂದೆ ಕೈಚಾಚುವುದು?

“ಪಂಡಿತರೇ, ಅದು ಯಾವುದಾದರೂ ವಸ್ತುವಿನ ಹೆಸರೋ?”

“ಅಲ್ಲಯ್ಯ, ಕ್ರಿಯಾಪದ. ಒಬ್ಬರು ಇನ್ನೊಬ್ಬರಿಗೆ ಮಾಡುವಂಥದ್ದು.”

“ಮಾಡಿಸಿಕೊಂಡವರಿಗೆ ಸುಖವೋ?”

ಭುಜಂಗರಾಯರು ಮೀಸೆಯಡಿಯಲ್ಲೇ ನಕ್ಕರು. ತಿರುಮಲಯ್ಯನಿಗೆ ಅಷ್ಟು ಸಾಕಾಯಿತು.

“ಹಾಗಾದರೆ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ” ಎಂದು ಕಾಗದ ಚಾಚಿದ. ಪಂಡಿತರು ದುಂಡಗೆ ಬರೆದರು. ಅದರ ಕೆಳಗೆ ತಿರುಮಲಯ್ಯ ಕನ್ನಡದಲ್ಲಿ ಒಂದು ಸಾಲು ಸೇರಿಸಿ ಗಟ್ಟಿಯಾಗಿ ಓದಿದ: “ಈ ಕಾಗದ ತಂದವರಿಗೆ ಮೇಲೆ ಹೇಳಿದ್ದನ್ನು ಕೂಡಲೇ ಮಾಡತಕ್ಕದ್ದು.”

“ಮೊಹರು ಒತ್ತಿ, ಮಹಾಸ್ವಾಮಿ. ಪಂಡಿತರು ಇದನ್ನು ಬುರುಜಿನ ಮೂರನೇ ಅಂತಸ್ತಿನಲ್ಲಿರುವ ಕ್ಯಾಪ್ಟನ್ ಸಾಹೇಬರಿಗೆ ಕೊಟ್ಟು ಬರಲಿ. ಸಭೆಯೆಲ್ಲ ಅಂಗಳದಲ್ಲಿ ನಿಂತು ನೋಡೋಣ.”

ಕನ್ನಡ ಬಲ್ಲ ಆ ಇಂಗ್ಲಿಷ್ ಕ್ಯಾಪ್ಟನ್ ಎಂಥವನೆಂದು ಊರಿಗೇ ಗೊತ್ತು. ಮೊಹರು ಕಂಡರೆ ಮುಗಿಯಿತು, ಏಕೆ ಏನು ಎಂದು ಕೇಳುವವನಲ್ಲ. ಹೋದ ತಿಂಗಳು ಯಾರೋ ತಮಾಷೆಗೆ ಬರೆದು, ಮರೆವಿನಲ್ಲಿ ಮೊಹರು ಒತ್ತಿ ಕಳಿಸಿದ ಕಾಗದ ನೋಡಿ ದಿವಾನರ ಕುದುರೆಯ ಬಾಲ ಬೋಳಿಸಿದ್ದ.

ದೊರೆ ಮೊಹರು ಒತ್ತಿದರು. ಪಂಡಿತರು ಕಾಗದ ಮುಟ್ಟದೆ ಹಿಂದಕ್ಕೆ ಸರಿದರು.

“ನಾನೇಕೆ? ಜವಾನನ ಕೈಲಿ ಕಳಿಸಿ.”

“ಪದ ತಂದವರು ನೀವು. ಮೊದಲ ಮರ್ಯಾದೆ ನಿಮಗೇ ಸಲ್ಲಬೇಕು.”

“ಸಾಹೇಬರಿಗೆ ಇದರ ಅರ್ಥ ಗೊತ್ತಿರಲಾರದು.”

“ಅವರ ಹತ್ತಿರ ಡಿಕ್ಷನರಿ ಇದೆ. ನೋಡಿಕೊಂಡು ಮಾಡುತ್ತಾರೆ ಬಿಡಿ.”

ಇಬ್ಬರು ಜವಾನರು ಬಂದು ಪಂಡಿತರ ರಟ್ಟೆ ಹಿಡಿದರು.

“ಬೇಡ, ಮಹಾಸ್ವಾಮಿ! ಲ್ಯಾಟಿನ್ನಿನಲ್ಲಿ ಡಿ ಅಂದರೆ ಕೆಳಕ್ಕೆ, ಫೆನೆಸ್ಟ್ರಾ ಅಂದರೆ ಕಿಟಕಿ. ಮನುಷ್ಯನನ್ನು ಎತ್ತಿ ಕಿಟಕಿಯಿಂದ ಆಚೆ ಎಸೆಯುವುದು!”

ಸಭೆ ಗೊಳ್ಳೆಂದಿತು.

“ಎಲ್ಲರಿಗೂ ಅರ್ಥ ತಿಳಿಯಿತಲ್ಲ” ಎಂದು ತಿರುಮಲಯ್ಯ ಕೈಮುಗಿದ.

ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತ ದೊರೆ ತಮ್ಮ ಶಾಲನ್ನೇ ತೆಗೆದು ಅವನಿಗೆ ಹೊದಿಸಿದರು. “ನಿನ್ನ ಕೆಲಸ ನಿನ್ನದೇ ಕಣಯ್ಯ. ಈಗ ಈ ಪಂಡಿತರನ್ನು ಏನು ಮಾಡೋಣ, ಹೇಳು.”

“ಬಾಗಿಲಿನಿಂದಲೇ ಕಳಿಸಿಕೊಡಿ, ಮಹಾಸ್ವಾಮಿ. ಅದಕ್ಕೆ ಲ್ಯಾಟಿನ್ ಬೇಕಿಲ್ಲ.”